ದಿಂಬಂ ಘಾಟಿಯ ನೆತ್ತಿಯಲ್ಲಿ ನಿಂತುಹೋದ ಲಾರಿ

ಕೋವಿಡ್ಡಿನ ಗಲಾಟೆ ಮುಗಿದು ಲಾರಿಗಳು ಮತ್ತೆ ಮೊದಲಿನಂತೆ ಓಡತೊಡಗಿದ ವರ್ಷ ಅದು. ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿ ದಾಟಿದ ಮೇಲೆ ಸಿಗುವ ಒಂದು ಟ್ರಾನ್ಸ್‌ಪೋರ್ಟ್ ಯಾರ್ಡಿನಲ್ಲಿ ನಾನು ಫ್ಲೀಟ್ ಮ್ಯಾನೇಜರ್ ಆಗಿದ್ದೆ. ಹೆಸರು ಮಾತ್ರ ದೊಡ್ಡದು. ಯಾವ ಲಾರಿ ಯಾವ ಊರಿಗೆ, ಯಾವ ಡ್ರೈವರ್ ಯಾವ ಲಾರಿಗೆ, ಯಾವ ಟೈರು ಸವೆದಿದೆ ಎಂದು ನೋಡಿಕೊಳ್ಳುವ ಕೆಲಸ. ನಮ್ಮ ತಾತ ಅರಮನೆಯಲ್ಲಿ ಪಂಚಾಂಗ ಓದುತ್ತಿದ್ದವರು, ತಂದೆ ಸಂಸ್ಕೃತದ ಮೇಷ್ಟ್ರು. ನಾನು ಲಾರಿ ಆಫೀಸು ಸೇರಿದಾಗ ಬಂಧುಗಳೆಲ್ಲ ‘ಪಾಪ’ ಅಂದರು. ನಿವೃತ್ತನಾಗುವವರೆಗೂ ಅನ್ನುತ್ತಲೇ ಇದ್ದರು. ಅವರ ಅನುಕಂಪ ಕಟ್ಟಿಕೊಂಡು ನನಗೇನಾಗಬೇಕಿತ್ತು? ನನಗೆ ಆ ಕೆಲಸ ಇಷ್ಟವಾಗಿತ್ತು.

ಆ ಹೊತ್ತಿಗೆ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿಲ್ಲ. ಸಂಜೆ ವಿದ್ಯಾರಣ್ಯಪುರಂನ ಮನೆಗೆ ಹೋಗಿ ಬೀಗ ತೆಗೆಯುವುದೆಂದರೆ ಜೀವ ಹಿಂಡಿದ ಹಾಗಾಗುತ್ತಿತ್ತು. ಹಾಗಾಗಿ ಕೆಲಸ ಮುಗಿದ ಮೇಲೂ ಏನಾದರೊಂದು ನೆಪ ಹುಡುಕಿಕೊಂಡು ಯಾರ್ಡಿನಲ್ಲೇ ಕೂತಿರುತ್ತಿದ್ದೆ. ಸಿದ್ದರಾಜು ಬಂದದ್ದು ಅಂಥದೇ ಒಂದು ಸಂಜೆ.

ಮೂವತ್ತು ದಾಟಿದ ಆಳು. ಲಷ್ಕರ್ ಮೊಹಲ್ಲಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದುಕೊಂಡು ಒಬ್ಬನೇ ಇದ್ದ. ಹಿಂದೆ ಟೂರಿಸ್ಟ್ ಟ್ಯಾಕ್ಸಿ ಓಡಿಸುತ್ತಿದ್ದವನು, ಹೊಸದಾಗಿ ಹೆವಿ ಲೈಸೆನ್ಸ್ ಮಾಡಿಸಿಕೊಂಡಿದ್ದ. ಲಾರಿಯ ಅನುಭವ ಇಲ್ಲವೇ ಇಲ್ಲ. ಕುರ್ಚಿ ತೋರಿಸಿದರೂ ಕೂರದೆ ನಿಂತೇ ಹೇಳಿದ.

“ಸಾರ್, ನಂಬರ್ ಹೊಡುದ್ರೆ ನಿಮ್ಗೇ ಎಲ್ಲಾ ಗೊತ್ತಾಗ್ಬುಡುತ್ತೆ. ಅದ್ಕೆ ನಾನೇ ಹೇಳ್ಬುಡ್ತೀನಿ. ನನ್ನ ರೆಕಾರ್ಡು ಚೆನ್ನಾಗಿಲ್ಲ.”

ಅವನ ಮಾತು ನಿಜ. ಹಿಂದಿನ ಕಾಲದಲ್ಲಿ ಡ್ರೈವರ್ ಊರು ಬದಲಿಸಿದರೆ ಹಳೆಯದೆಲ್ಲ ಅಳಿಸಿಹೋಗುತ್ತಿತ್ತು. ಈಗ ಲೈಸೆನ್ಸ್ ನಂಬರ್ ಹಾಕಿದರೆ ಎಲ್ಲವೂ ಫೋನಿನಲ್ಲೇ ಬಿಚ್ಚಿಕೊಳ್ಳುತ್ತದೆ. ಸಿದ್ದರಾಜುವಿನದು ನೋಡಿದೆ. ಅತಿ ವೇಗಕ್ಕೆ ದಂಡ, ಸಿಗ್ನಲ್ ಹಾರಿದ್ದಕ್ಕೆ ದಂಡ, ಮತ್ತೆ ಅತಿ ವೇಗ. ಕೊನೆಗೆ ರಸ್ತೆ ಬದಿ ನಿಂತಿದ್ದ ಆಟೋಗೆ ಗುದ್ದಿ, ಮೂರು ತಿಂಗಳು ಲೈಸೆನ್ಸ್ ಅಮಾನತು. ಆಟೋದಲ್ಲಿ ಯಾರೂ ಇರಲಿಲ್ಲ ಎಂಬುದು ದೇವರ ದಯೆ. ಮೈಸೂರಿನ ಯಾವ ಯಾರ್ಡೂ ಅವನನ್ನು ಗೇಟಿನೊಳಗೆ ಬಿಟ್ಟಿರಲಿಲ್ಲ. ನಮ್ಮದೇ ಕೊನೆ.

ಮರುದಿನ ಖಾಲಿ ಲಾರಿ ಕೊಟ್ಟು ಓಡಿಸಿ ನೋಡಿದೆವು. ಇಷ್ಟೆಲ್ಲ ವೇಗದ ದಂಡ ಕಟ್ಟಿದವನು ಇವನೇನಾ ಅನ್ನಿಸುವಷ್ಟು ನಿಧಾನ. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರನ್ ಹೊಡೆದೂ ಹೊಡೆದೂ ಸುಸ್ತಾದ. ಡ್ರೈವರ್‌ಗಳಿಲ್ಲದೆ ನಮ್ಮ ಲಾರಿಗಳು ಸಾಲಾಗಿ ನಿಂತಿದ್ದ ಕಾಲ ಅದು. ಮಾಲೀಕರು ಅರೆಮನಸ್ಸಿನಿಂದ ಒಪ್ಪಿದರು.

“ಮೂರ್ತಿಗಳೇ, ನಿಮ್ಮ ಜವಾಬ್ದಾರಿ ಕಣ್ರೀ. ಮೊದಲ್ನೇ ಘಾಟಿ ಟ್ರಿಪ್ಪು ಸರಿಯಾಗಿ ಮಾಡ್ಕೊಂಡು ಬಂದ್ರೆ ಇರ್ಲಿ. ಇಲ್ದಿದ್ರೆ ಅವತ್ತೇ ಕಳಿಸ್ಬಿಡಿ.”

ಇಲ್ಲಿ ನಮ್ಮ ಯಾರ್ಡಿನ ಒಂದು ಪದ್ಧತಿ ಹೇಳಬೇಕು. ಹೊಸ ಡ್ರೈವರ್ ಮೊದಲ ಸಲ ಲೋಡಿನೊಂದಿಗೆ ಘಾಟಿ ಇಳಿಯುವಾಗ ಹಳೆಯ ಡ್ರೈವರ್ ಒಬ್ಬ ಅವನ ಎಡಗಡೆ ಕೂತು ಹೋಗುತ್ತಿದ್ದ. ಕಂಪನಿಯ ನಿಯಮವಲ್ಲ, ಡ್ರೈವರ್‌ಗಳೇ ನಡೆಸಿಕೊಂಡು ಬಂದದ್ದು. ಹಳಬ ಸ್ಟಿಯರಿಂಗ್ ಮುಟ್ಟುವುದಿಲ್ಲ, ಹೆಚ್ಚಿಗೆ ಮಾತಾಡುವುದೂ ಇಲ್ಲ. ಸುಮ್ಮನೆ ಕೂತಿರುತ್ತಾನೆ. ಚಾಮರಾಜನಗರದಲ್ಲಿ ಹೊಸಬ ಅವನಿಗೆ ತಿಂಡಿ ಕೊಡಿಸಬೇಕು, ಅಷ್ಟೆ.

ಸಿದ್ದರಾಜುವಿನ ಜೊತೆ ಹೋಗಲು ಒಬ್ಬನೂ ಒಪ್ಪಲಿಲ್ಲ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನ ಮನೆಯಲ್ಲಿ ನಾಮಕರಣ. ಎಲ್ಲರಿಗಿಂತ ಹಿರಿಯನಾದ ಕೆಂಪಣ್ಣ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ. “ಅವ್ನ ಕೈಗುಣ ಸರಿಯಿಲ್ಲ ಸಾರ್. ನಂಗೂ ಎಂಡ್ತಿ ಮಕ್ಳವ್ರೆ.”

ಕೈಗುಣವಂತೆ! ಬೈದೆ, ರೇಗಿದೆ, ಒಂದೆರಡು ಸಂಸ್ಕೃತ ಶ್ಲೋಕವನ್ನೂ ಬಿಟ್ಟೆ. ಒಬ್ಬರೂ ಜಗ್ಗಲಿಲ್ಲ. ಅದಾದ ಮೇಲೆ ಗಮನಿಸಿದೆ, ಸಿದ್ದರಾಜು ಟೀ ಅಂಗಡಿಗೆ ಹೋದರೆ ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದುಬಿಡುತ್ತಿದ್ದರು. ಯಾರೂ ಜಗಳವಾಡಲಿಲ್ಲ, ಅಣಕಿಸಲಿಲ್ಲ. ಎದ್ದು ಹೋಗುತ್ತಿದ್ದರು, ಅಷ್ಟೇ. ಅವನು ಲೋಟ ಹಿಡಿದುಕೊಂಡು ಲಾರಿಯ ನೆರಳಿಗೆ ಹೋಗಿ ಕೂರುತ್ತಿದ್ದ. ಊಟದ ಡಬ್ಬಿಯನ್ನು ನಾನು ನನ್ನ ಟೇಬಲ್ಲಿನಲ್ಲಿ ಒಬ್ಬನೇ ಬಿಚ್ಚುತ್ತಿದ್ದೆ, ಅವನು ಅಲ್ಲಿ ಒಬ್ಬನೇ. ಕರೆಯೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಮ್ಯಾನೇಜರ್ ಒಬ್ಬ ಡ್ರೈವರನ್ನು ಮಾತ್ರ ಕರೆದರೆ ಉಳಿದವರು ಇನ್ನಷ್ಟು ದೂರವಾಗುತ್ತಾರೆ ಎಂದು ಸುಮ್ಮನಾದೆ.

ನಂಜನಗೂಡಿನ ಒಂದು ಕಾರ್ಖಾನೆಯಿಂದ ತಿರುಪ್ಪೂರಿಗೆ ನೂಲಿನ ಲೋಡ್ ಬಂತು. ಬೇರೆ ಡ್ರೈವರ್ ಇರಲಿಲ್ಲ. ಎಡಗಡೆ ಯಾರೂ ಇಲ್ಲದೆಯೇ ಸಿದ್ದರಾಜುವನ್ನು ಕಳಿಸಿದೆ. ದಾರಿ ಚಾಮರಾಜನಗರದ ಮೇಲೆ, ಕಾಡಿನೊಳಗಿಂದ ಹೋಗಿ ದಿಂಬಂ ಘಾಟಿ ಇಳಿಯಬೇಕು. ಇಪ್ಪತ್ತೇಳು ಹೇರ್‌ಪಿನ್ ತಿರುವು. ಲೋಡ್ ತುಂಬಿದ ಲಾರಿಯನ್ನು ಅಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಸಲಾಗದು. ಒತ್ತಿದಷ್ಟೂ ಬ್ರೇಕಿನ ಡ್ರಮ್ ಕಾಯುತ್ತದೆ, ಅದನ್ನು ಹಿಡಿಯುವ ಗಾಳಿಯ ಒತ್ತಡ ಇಳಿಯುತ್ತದೆ. ಚಿಕ್ಕ ಗೇರಿಗೆ ಹಾಕಿ, ಎಂಜಿನ್ನಿನ ಬಿಗಿಯಲ್ಲೇ ಇಳಿಸಬೇಕು.

ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು.

“ಸಾರ್, ದಿಂಬಂ ಮೇಲಿದೀನಿ. ಬ್ರೇಕ್ ಗಾಳಿ ನಿಲ್ತಿಲ್ಲ. ನಾನು ಇಳ್ಸಲ್ಲ.”

ನಮ್ಮ ಮೆಕ್ಯಾನಿಕ್ ರಫೀಕನನ್ನು ಕರೆದುಕೊಂಡು ಕಂಪನಿಯ ಜೀಪಿನಲ್ಲಿ ಹೊರಟೆ. ಸಂಜೆಯ ಮೇಲೆ ಆ ಕಾಡಿನಲ್ಲಿ ಲಾರಿಗಳನ್ನು ಬಿಡುವುದಿಲ್ಲ. ಅಷ್ಟರೊಳಗೆ ಇಳಿಯದಿದ್ದರೆ ಲೋಡ್ ಅಲ್ಲೇ ಉಳಿಯುತ್ತದೆ, ಅವನ ಕೆಲಸ ಉಳಿಯುವುದಿಲ್ಲ. ದಾರಿಯುದ್ದಕ್ಕೂ ಮಾಲೀಕರು ಫೋನಿನಲ್ಲಿ ನನ್ನ ಕಿವಿ ತೂತು ಮಾಡಿದರು.

ಲಾರಿ ರಸ್ತೆಯ ಅಂಚಿಗೆ ಅಚ್ಚುಕಟ್ಟಾಗಿ ನಿಂತಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ತಾನು ಸ್ವಲ್ಪ ದೂರದಲ್ಲಿ ತಡೆಗೋಡೆಯ ಮೇಲೆ ಕೂತಿದ್ದ. ಬೇರೆ ಲಾರಿಗಳು ಅವನನ್ನು ದಾಟಿ ಒಂದೊಂದಾಗಿ ಇಳಿದು ಹೋಗುತ್ತಿದ್ದವು. ಒಬ್ಬ ಡ್ರೈವರೂ ನಿಲ್ಲಿಸಿ ಏನಾಯಿತೆಂದು ಕೇಳಿರಲಿಲ್ಲವಂತೆ. ನಮ್ಮನ್ನು ಕಂಡು ಎದ್ದು ನಿಂತ, ಹತ್ತಿರ ಬರಲಿಲ್ಲ.

ರಫೀಕ್ ಎಂಜಿನ್ ಶುರು ಮಾಡಿ ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡಿದ, ಕೆಳಗೆ ನುಗ್ಗಿ ಪೈಪುಗಳನ್ನೆಲ್ಲ ತಡವಿದ. ಬಂದು ನನ್ನನ್ನು ಪಕ್ಕಕ್ಕೆ ಕರೆದ. “ಸಾರ್, ಗಾಡೀಲಿ ಏನೂ ಇಲ್ಲ. ಇವ್ನಿಗೇ ಧೈರ್ಯ ಸಾಲ್ತಿಲ್ಲ. ನಾನು ಇಳಿಸ್ಲಾ?”

ರಫೀಕನ ಬಳಿ ಹೆವಿ ಲೈಸೆನ್ಸ್ ಇತ್ತು. ಮಾಲೀಕರೂ ಫೋನಿನಲ್ಲಿ ಅದನ್ನೇ ಹೇಳಿದರು. ರಫೀಕ್ ಇಳಿಸಲಿ, ಅವನನ್ನು ಬಸ್ಸು ಹತ್ತಿಸಿ ಕಳಿಸಿ, ನಾಳೆಯಿಂದ ಬರುವುದು ಬೇಡ. ಅದು ಸರಿಯಾದ ಮಾತೇ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಸಿದ್ದರಾಜುವಿನ ಹತ್ತಿರ ಹೋದೆ. ಸುಳ್ಳು ಹೇಳಿದ್ದಕ್ಕೆ ಸರಿಯಾಗಿ ಉಗಿಯಬೇಕು ಅಂತಲೇ ಹೋದದ್ದು. ನಾನು ಶುರು ಮಾಡುವ ಮೊದಲೇ ಅವನೇ ಬಾಯಿಬಿಟ್ಟ.

“ಬ್ರೇಕ್ ಸರಿಯಾಗೇ ಅದೆ ಅಂತ ನಂಗೊತ್ತಿತ್ತು ಸಾರ್,” ಅಂದ. “ಮೊದಲ್ನೇ ತಿರುವಿನ್ ತಂಕ ಹೋದೆ. ಪಕ್ಕದಲ್ಲಿ ನೋಡ್ದೆ, ಯಾರೂ ಇಲ್ಲ. ಎಲ್ರೂ ನನ್ ಬಗ್ಗೆ ಹೇಳೋದು ನಿಜಾನೇ ಇರ್ಬೋದು ಅನ್ನಿಸ್ಬುಡ್ತು. ಕಾಲು ನಡುಗ್ತು. ಅದ್ಕೆ ನಿಲ್ಲಿಸ್ಬುಟ್ಟೆ. ಭಯ ಆಯ್ತದೆ ಅಂತ ಫೋನಲ್ಲಿ ಹೆಂಗ್ ಹೇಳ್ಲಿ?”

ಬೀಗದ ಕೈ ಹಿಡಿದುಕೊಂಡು ನನ್ನದೇ ಬಾಗಿಲ ಮುಂದೆ ನಾನು ಎಷ್ಟೋ ಸಂಜೆ ನಿಂತುಬಿಡುತ್ತಿದ್ದೆ. ಯಾಕೆ ಒಳಗೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದ್ದರೆ ನಾನೂ ಬೀಗ ಕೆಟ್ಟಿದೆ ಅಂತಲೇ ಹೇಳುತ್ತಿದ್ದೆನೇನೋ.

ಇನ್ನೊಂದು ವಿಷಯ ಹೊಳೆಯಿತು. ಫೋನಿನಲ್ಲಿ ನಾನು ನೋಡಿದ್ದ ಅವನ ತಪ್ಪುಗಳೆಲ್ಲ ನಿಲ್ಲಿಸಬೇಕಾದಲ್ಲಿ ನಿಲ್ಲಿಸದ ತಪ್ಪುಗಳು. ಇವತ್ತು ಅವನು ನಿಲ್ಲಿಸಿದ್ದ. ಮನಸ್ಸು ಸ್ಥಿಮಿತದಲ್ಲಿಲ್ಲದಾಗ ಲೋಡಿನ ಲಾರಿಯನ್ನು ಘಾಟಿಗೆ ಬಿಡದೆ, ಕೆಲಸ ಹೋದರೂ ಹೋಗಲಿ ಎಂದು ಕಲ್ಲು ಕೊಟ್ಟು ಕೂತಿದ್ದ. ಇಂಥದ್ದು ಯಾವ ನಂಬರ್ ಹೊಡೆದರೂ ಕಾಣುವುದಿಲ್ಲ.

“ಹತ್ತಪ್ಪ,” ಅಂದೆ. “ನಾನು ಪಕ್ಕದಲ್ಲಿ ಕೂತ್ಕೋತೀನಿ.”

“ನೀವಾ ಸಾರ್?”

“ಯಾಕೆ, ನಾನೇನು ತೂಕ ಜಾಸ್ತಿನಾ?”

ಇಷ್ಟು ಹೇಳಿದ ಮೇಲೆ ನನ್ನ ಮಾನ ಹೋಗುವ ಸಂಗತಿಯನ್ನೂ ಹೇಳಿಬಿಡುತ್ತೇನೆ. ಜೀವಮಾನವೆಲ್ಲ ಲಾರಿ ಆಫೀಸಿನಲ್ಲಿ ಕಳೆದ ನಾನು ಅದುವರೆಗೆ ಲೋಡಿನ ಲಾರಿಯಲ್ಲಿ ಒಂದು ಘಾಟಿಯನ್ನೂ ಇಳಿದವನಲ್ಲ. ಮೇಲಕ್ಕೆ ಹತ್ತಲು ರಫೀಕ್ ಹಿಂದಿನಿಂದ ನೂಕಬೇಕಾಯಿತು. ಮಾಲೀಕರ ಫೋನ್ ಮತ್ತೆ ಬಂತು. ಎತ್ತಲಿಲ್ಲ.

ಮೊದಲ ತಿರುವಿನಲ್ಲಿ ಕಿಟಕಿಯಾಚೆ ರಸ್ತೆಯೇ ಕಾಣಲಿಲ್ಲ, ಬರೀ ಕಣಿವೆ. ಎದುರಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವಿಷ್ಣು ಸಹಸ್ರನಾಮ ಶುರು ಮಾಡಿದೆ. ಬಾಯಿಪಾಠವಾಗಿದ್ದ ಹೆಸರುಗಳೆಲ್ಲ ಹಿಂದುಮುಂದಾದವು. ಸಿದ್ದರಾಜು ಎರಡನೇ ಗೇರಿನಲ್ಲಿ ಇಳಿಸುತ್ತಿದ್ದ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಕೆಲವು ತಿರುವು ಕಳೆದ ಮೇಲೆ ನನ್ನ ಕಡೆ ನೋಡದೆ ಕೇಳಿದ.

“ಸಾರ್, ನಿಮ್ಗೆ ಭಯ ಆಯ್ತದಾ?”

“ಪ್ರಾಣ ಹೋಗ್ತಾ ಇದೆ ಕಣಯ್ಯ. ನೀನು ರಸ್ತೆ ನೋಡು.”

ಅವನು ನಕ್ಕ. ನಮ್ಮ ಯಾರ್ಡಿಗೆ ಬಂದ ಮೇಲೆ ಅವನು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಲ್ಲಿಂದಾಚೆಗೆ ಒಂದೊಂದು ತಿರುವು ಬರುವ ಮುಂಚೆಯೂ ನನಗೆ ಧೈರ್ಯ ಹೇಳತೊಡಗಿದ. ಇದು ದೊಡ್ಡದು ಸಾರ್, ಗಟ್ಟಿಯಾಗಿ ಹಿಡ್ಕೊಳ್ಳಿ. ಇದೇನಿಲ್ಲ, ಸಲೀಸು. ನನ್ನನ್ನು ಸಮಾಧಾನ ಮಾಡುವ ಭರದಲ್ಲಿ ಅವನ ಕಾಲಿನ ನಡುಕ ಎಲ್ಲಿ ಹೋಯಿತೋ. ಬೆಳಕಿರುವಾಗಲೇ ಬುಡ ತಲುಪಿದೆವು. ರಫೀಕ್ ಜೀಪಿನಲ್ಲಿ ಹಿಂದೆಯೇ ಬಂದು ನನ್ನನ್ನು ಇಳಿಸಿಕೊಂಡ. ಸಿದ್ದರಾಜು ತಿರುಪ್ಪೂರಿಗೆ ಹೋಗಿ ಲೋಡ್ ಇಳಿಸಿ ಬಂದ.

ಮಾಲೀಕರಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಗಾಡಿ ಕೆಟ್ಟಿರಲಿಲ್ಲ, ಹುಡುಗ ಹೆದರಿದ್ದ, ಹೆದರಿದಾಗ ನಿಲ್ಲಿಸಿದ, ಅಂಥವನೇ ನನಗೆ ಬೇಕು ಅಂದೆ. ಅವರು ಬಹಳ ಹೊತ್ತು ಕೂಗಾಡಿದರು. ಅವನನ್ನು ತೆಗೆದರೆ ನಾನೂ ನಾಳೆಯಿಂದ ಬರುವುದಿಲ್ಲ ಅಂದೆ. ಮನೆಯಲ್ಲಿ ಕೂತು ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಸಿದ್ದರಾಜು ಉಳಿದುಕೊಂಡ.

ಉಳಿದ ಡ್ರೈವರ್‌ಗಳು ಅದಾದ ಮೇಲೂ ಬದಲಾಗಲಿಲ್ಲ. ಅವನು ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ. ಆದರೆ ಪ್ರತಿ ಸಲ ಘಾಟಿಯ ಮೇಲೆ ಲಾರಿ ನಿಲ್ಲಿಸಿ ನನಗೆ ಫೋನ್ ಮಾಡುತ್ತಿದ್ದ. “ಸಾರ್, ಇಳಿಸ್ತಿದೀನಿ.” ಕೆಳಗೆ ಹೋಗಿ ನಿಲ್ಲಿಸಿ ಮತ್ತೆ, “ಇಳಿದೆ ಸಾರ್.” ಅಷ್ಟೇ ಮಾತು. ಎರಡು ಫೋನಿನ ನಡುವೆ ನಾನು ಬೇರೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ನಾನು ನಿವೃತ್ತನಾದ ಮೇಲೂ ಅವನು ಇದನ್ನು ಬಿಡಲಿಲ್ಲ. ಮನೆಯಲ್ಲಿ ಇಡೀ ದಿನ ಮಾತಿಲ್ಲದೆ ಕಳೆದಿದ್ದರೂ ಆ ಎರಡು ಮಾತಿಗೆ ಕಾಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅವನಿಗಿಂತ ನನಗೇ ಅದು ಹೆಚ್ಚು ಬೇಕಾಗಿತ್ತು.

ಈಚೆಗೆ ಫೋನ್ ಬರುವುದು ನಿಂತಿತು. ಒಂದೆರಡು ವಾರ ತಡೆದುಕೊಂಡೆ. ಏನಾಯಿತೋ ಎಂದು ಗಾಬರಿಯಾಗಿ ನಾನೇ ಮಾಡಿದೆ. ಎತ್ತಿದ್ದು ಬೇರೆ ಯಾರೋ. ಹಿಂದುಗಡೆ ಲಾರಿಯ ಸದ್ದು, ಯಾರೋ ಜೋರಾಗಿ ನಗುತ್ತಿದ್ದರು.

“ಯಾರು ಬೇಕಿತ್ತು ಸಾರ್? ಸಿದ್ದಣ್ಣ ಘಾಟಿ ಇಳಿಸ್ತಾವ್ರೆ. ನಾನು ಈಗ ಅವರ್ ಪಕ್ಕ ಕೂತ್ಕೊಂಡು ಓಗೋ ಡ್ರೈವರ್ರು. ಏನಾದ್ರೂ ಏಳ್ಬೇಕಾ?”

ಡ್ರೈವರ್‌ಗಳನ್ನು ಆರಿಸುವ ಕೆಲಸ ನನಗೆ ಕಲಿಸಿದ್ದು ಇಷ್ಟು: ಮನುಷ್ಯ ಎಷ್ಟು ಕೆಟ್ಟದಾಗಿ ಓಡಿಸಿದ್ದ ಎನ್ನುವುದನ್ನು ಆಫೀಸಿನಲ್ಲಿ ಕೂತೇ ತಿಳಿಯಬಹುದು, ಎಷ್ಟು ಚೆನ್ನಾಗಿ ಓಡಿಸಬಲ್ಲ ಎಂದು ತಿಳಿಯಲು ಯಾರಾದರೊಬ್ಬರು ಹೋಗಿ ಅವನ ಪಕ್ಕ ಕೂರಬೇಕು. ಕೂತವರು ಒಂದು ದಿನ ಇಳಿದುಕೊಳ್ಳಬೇಕಾಗುತ್ತದೆ. ಅದನ್ನು ಮಾತ್ರ ಯಾರೂ ನನಗೆ ಕಲಿಸಿರಲಿಲ್ಲ.

“ಏನಿಲ್ಲಪ್ಪ,” ಅಂದೆ. “ನೀವಿಬ್ರೂ ನಿಧಾನಕ್ಕೆ ಇಳೀರಿ.”