ನೂರ ಹದಿಮೂರನೆಯ ಪುಟ

ಮೊಳಕಾಲ್ಮೂರಿನ ಮೊದಲ ಬೆಳಗ್ಗೆ ಕಿಟಕಿ ತೆರೆದಾಗ ಆಕಾಶ ಕಾಣಲಿಲ್ಲ, ಬಂಡೆ ಕಂಡಿತು. ಗುಡ್ಡದ ನೆತ್ತಿಯಲ್ಲಿ, ಇನ್ನೊಂದು ಬಂಡೆಯ ಮೇಲೆ, ಅಂಗೈಯಗಲದ ಆಧಾರದಲ್ಲಿ ಕೂತಿತ್ತು. ಅಷ್ಟರಲ್ಲಿ ಗೋಡೆಯಾಚೆ ಬಡಿತ ಶುರುವಾಗಿ ನೆಲ ಅದುರಿತು. ಬಂಡೆ ಉರುಳಿತೆಂದು ಹೊರಗೆ ಓಡಿದೆ. ಅದು ಮನೆಯೊಡತಿ ಈರಮ್ಮನವರ ರೇಷ್ಮೆ ಮಗ್ಗದ ಸದ್ದು. ಡೈರಿಯಲ್ಲಿ ಬರೆದೆ: ದಿನ ಒಂದು, ಹೆದರಿದ್ದು ನಾಲ್ಕು ಸಲ.

ನಮ್ಮ ಕುಂದಾಪುರದಲ್ಲಿ ಕಡಲು ಎಂದೂ ಸದ್ದು ನಿಲ್ಲಿಸುವುದಿಲ್ಲ. ಇಲ್ಲಿ ಮಗ್ಗ ನಿಂತರೆ ನನ್ನ ಎದೆಬಡಿತವೇ ಕೇಳಿಸುತ್ತಿತ್ತು. ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ಮುದ್ದೆ. ಅದನ್ನು ಅಗಿಯದೆ ನುಂಗಲು ಕಲಿತದ್ದು ಒಂಬತ್ತನೆಯ ದಿನ. ಅದೊಂದೇ ಗೆಲುವು. ನಾನು ಅಂಗಳಕ್ಕೆ ಕಾಲಿಟ್ಟರೆ ಮನೆಯವರು ತೆಲುಗಿನಲ್ಲಿ ಮಾತಾಡುತ್ತಿದ್ದರು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಪ್ರಕಾಶನದ ಕಂಪ್ಯೂಟರ್ ಕೋಣೆ ಇಲ್ಲಿ, ಕಚೇರಿ ಚಳ್ಳಕೆರೆಯಲ್ಲಿ. ಹಾಳೆಗಳನ್ನು ಕಟ್ಟಿ ಬಸ್ ಕಂಡಕ್ಟರ್ ಕೈಗೆ ಕೊಟ್ಟರೆ, ಅಲ್ಲಿ ಹಿರಿಯ ಸಂಪಾದಕಿ ಗಿರಿಜಕ್ಕ ಇಳಿಸಿಕೊಳ್ಳುತ್ತಿದ್ದರು. ಕಟ್ಟಿನ ಮೇಲೆ ನನ್ನದೊಂದು ಪತ್ರ ಇರುತ್ತಿತ್ತು. ಉತ್ತರ ಮರುದಿನದ ಬಸ್ಸಿಗೆ. ಅಲ್ಪವಿರಾಮದ ಜಗಳದಿಂದ ಶುರುವಾದದ್ದು ಊಟ, ನಿದ್ದೆ, ಹೆದರಿಕೆಯವರೆಗೆ ಬೆಳೆಯಿತು. ಎರಡು ತಿಂಗಳಲ್ಲಿ ನಾನು ಬರೆದದ್ದು ಇಪ್ಪತ್ತಮೂರು, ಅವರು ಇಪ್ಪತ್ತೊಂದು. ಮುಖ ಮಾತ್ರ ಒಬ್ಬರದೊಬ್ಬರು ನೋಡಿರಲಿಲ್ಲ.

ಅರವತ್ತೆರಡನೆಯ ದಿನ ಗಿರಿಜಕ್ಕನ ಚೀಟಿ ಬಂತು: ಈ ಸಲ ಪತ್ರವೇ ಇಲ್ಲವಲ್ಲ, ಮುನಿಸೇ?

ಬರೆದಿದ್ದೆನಲ್ಲ! ಕಳಿಸಿದ ಪುಟಗಳ ನಂಬರು ಬರೆದಿಡುವ ಪುಸ್ತಕ ತೆಗೆದು ನೋಡಿದೆ. ಕರಡು ನೂರ ಹನ್ನೆರಡು ಪುಟ. ನಾನು ಕೆಂಪು ಶಾಯಿಯಲ್ಲಿ ನಂಬರು ಹಾಕಿದ್ದು ನೂರ ಹದಿನಾಲ್ಕಕ್ಕೆ. ಪತ್ರವನ್ನೂ ಕಂಪ್ಯೂಟರಿನಲ್ಲೇ ಟೈಪು ಮಾಡುತ್ತಿದ್ದೆ. ಈ ಸಲ ಕಟ್ಟಿನ ಕೆಳಗೆ ಸೇರಿಹೋಗಿದ್ದ ಅದರ ಎರಡು ಹಾಳೆಗೂ ನಂಬರು ಹಾಕಿಬಿಟ್ಟಿದ್ದೆ. ಗಿರಿಜಕ್ಕನಿಗೆ ಫೋನ್ ಮಾಡಿದೆ.

"ನಿನ್ನ ನಂಬರ್ ಎಂದೂ ತಪ್ಪಲ್ಲ ಅಂತ ಕೊನೇ ಹಾಳೆಗಳನ್ನ ನೋಡ್ಲಿಲ್ಲ ಕಣೆ. ಹಂಗೇ ಮೇಷ್ಟ್ರಿಗೆ ಕಳಿಸಿದೆ" ಎಂದರು.

ಪುಸ್ತಕ ಬರೆದ ತಿಪ್ಪಣ್ಣ ಮೇಷ್ಟ್ರು ಇಲ್ಲೇ ಪಕ್ಕದ ಸಿದ್ದಾಪುರದವರು, ಈರಮ್ಮನವರ ಅಣ್ಣ. ಪತ್ರದಲ್ಲಿ ನಾನು ಬರೆದಿದ್ದೆ: ನನ್ನನ್ನು ಕಂಡೊಡನೆ ಈ ಮನೆಯವರು ತೆಲುಗಿಗೆ ಹೊರಳುತ್ತಾರೆ, ನನ್ನಿಂದ ರೂಮು ಬಿಡಿಸುವ ಮಾತೇ ಇರಬೇಕು, ತಿಂಗಳ ಕೊನೆಗೆ ಯಾರಿಗೂ ಹೇಳದೆ ಹೊರಟುಹೋಗುತ್ತೇನೆ.

ಮೂರು ದಿನ ಅಂಗಳ ದಾಟುವಾಗ ತಲೆ ಎತ್ತಲಿಲ್ಲ. ಮಗ್ಗ ನಿಂತಾಗಲೆಲ್ಲ ಈಗ ಕರೆಯುತ್ತಾರೆ ಎಂದುಕೊಂಡೆ. ಹೆದರಿದ್ದು: ಹನ್ನೊಂದು, ಹದಿನಾಲ್ಕು, ಆಮೇಲೆ ಎಣಿಸಲಿಲ್ಲ. ಹೋಗುತ್ತೇನೆಂದು ಸಿಟ್ಟಿನಲ್ಲಿ ಬರೆದಿದ್ದೆ, ಆದರೆ ರೂಮು ಹೋದರೆ ಕೆಲಸವೂ ಹೋದಂತೆ. ಈ ಊರಲ್ಲಿ ಒಂಟಿ ಹುಡುಗಿಗೆ ಮನೆ ಕೊಟ್ಟವರು ಈರಮ್ಮ ಒಬ್ಬರೇ.

ನಾಲ್ಕನೆಯ ಬೆಳಗ್ಗೆ ಬಾಗಿಲಲ್ಲಿ ದಪ್ಪ ಕನ್ನಡಕದ, ಬೆವೆತ ಹೆಂಗಸು. "ನಾನೇ ಗಿರಿಜ. ಇವತ್ತು ಮೇಷ್ಟ್ರು ಕರಡು ತಗೊಂಡು ಇಲ್ಲಿಗೇ ಬರ್ತಾರಂತೆ. ತಪ್ಪಲ್ಲಿ ನಂದೂ ಪಾಲು ಐತೆ. ಬೈಸಿಕೊಳ್ಳೋಕೆ ಇಬ್ಬರಿರಲಿ ಅಂತ ಬಂದೆ."

ಮೇಷ್ಟ್ರು ಬಂದಾಗ ನಾವಿಬ್ಬರೂ ಜಗಲಿಯ ಮೇಲೆ ಒತ್ತಿಕೊಂಡು ಕೂತಿದ್ದೆವು. ಈರಮ್ಮ ಮಗ್ಗ ಬಿಟ್ಟೆದ್ದು ಬಂದರು. ಮೇಷ್ಟ್ರು ಕಟ್ಟನ್ನು ನನ್ನ ಕೈಗಿಟ್ಟರು.

"ಕೊನೇ ಎರಡು ಪುಟ ನಂದಲ್ಲಮ್ಮ. ಆದ್ರೂ ತಿದ್ದೀನಿ."

"ಭಾಳ ತಪ್ಪು ಇದ್ವಾ ಅಣ್ಣ?" ಎಂದು ಈರಮ್ಮ ತೆಲುಗಿನಲ್ಲಿ ಕೇಳಿದ್ದನ್ನು ಗಿರಿಜಕ್ಕ ನನ್ನ ಕಿವಿಯಲ್ಲಿ ಹೇಳಿದರು.

"ಎರಡೇ."

ತೆಲುಗಿನ ಬಗ್ಗೆ ನಾನು ಬರೆದಿದ್ದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ನೀವು ಬರುವ ಮುಂಚೆಯೂ ತೆಲುಗೇ ಆಡುತ್ತಿದ್ದರು. ಹೊರಟುಹೋಗುವ ಸಾಲಿನ ಪಕ್ಕದಲ್ಲಿ: ಹೇಳಿ ಹೋಗಿ, ನನ್ನ ತಂಗಿ ನಿಮ್ಮ ಪಾಲಿನ ಮುದ್ದೆ ಕಟ್ಟಿಟ್ಟು ಕಾಯುತ್ತಾಳೆ.

ಈರಮ್ಮನವರಿಗೆ ಮೇಷ್ಟ್ರು ಏನೂ ಹೇಳಿರಲಿಲ್ಲ. ಆ ದಿನ ನಾನೇ ಹೇಳಿದೆ. ಅವರು ನಮ್ಮಿಬ್ಬರನ್ನೂ ಊಟಕ್ಕೆ ಕರೆದರು, ಕನ್ನಡದಲ್ಲಿ.

ಇದಾಗಿ ನಾಲ್ಕು ವರ್ಷ. ಗಿರಿಜಕ್ಕ ನಿವೃತ್ತರಾದರೂ ಪತ್ರ ನಿಂತಿಲ್ಲ. ಇಬ್ಬರೂ ಪ್ರತಿ ಹಾಳೆಗೂ ನಂಬರು ಹಾಕುತ್ತೇವೆ, ನೂರ ಹದಿಮೂರರಿಂದ ಮುಂದಕ್ಕೆ. ನಿನ್ನೆ ಬಂದದ್ದು ಆರುನೂರ ನಾಲ್ಕು. ಬಂಡೆ ಇನ್ನೂ ಉರುಳಿಲ್ಲ, ನನ್ನ ಹೆದರಿಕೆಯೂ ಹೋಗಿಲ್ಲ. ಕಳೆದ ತಿಂಗಳು ಕುಂದಾಪುರಕ್ಕೆ ಹೋಗಿದ್ದಾಗ ಬೆಳಗ್ಗೆ ಬೆಚ್ಚಿ ಎದ್ದೆ. ಕಡಲಿನ ಸದ್ದು. ಡೈರಿಯಲ್ಲಿ ಹೆದರಿದ್ದು ಒಂದು ಸಲ ಎಂದು ಬರೆದೆ. ನನ್ನ ಊರು ಎಂಬುದರ ಮುಂದೆ, ಯಾವುದೆಂದು ತಿಳಿಯದೆ, ಜಾಗ ಖಾಲಿ ಬಿಟ್ಟಿದ್ದೇನೆ.