ಖಾಲಿ ಹೋಗುವ ಟ್ರೇಲರ್

ನಮ್ಮ ಯಜಮಾನರಿಗೆ ‘ಇಲ್ಲ’ ಎನ್ನುವ ಮಾತು ಮೂರು ಭಾಷೆಯಲ್ಲಿ ಗೊತ್ತು. ಒಂದರಲ್ಲೂ ಹೇಳಲು ಬರುವುದಿಲ್ಲ. ಹೀಗಾಗಿ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿದ್ದ ನಮ್ಮ ಮನೆ ಧರ್ಮಛತ್ರವಾಗಿ ಯಾವ ಕಾಲವಾಗಿತ್ತೋ. ಫಿಲ್ಟರಿನ ಮೊದಲ ಡಿಕಾಕ್ಷನ್ ಯಾವಾಗಲೂ ಬಂದವರಿಗೆ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೆಯ ಡಿಕಾಕ್ಷನ್ ನಮ್ಮಿಬ್ಬರಿಗೆ.

ಕಂಪ್ಯೂಟರ್ ಹುಡುಗರು ವಿಮಾನ ತುಂಬಿ ಬಂದಿಳಿಯುತ್ತಿದ್ದ ವರ್ಷಗಳವು. ಇವರ ಟೆಲಿಕಾಂ ಕಂಪನಿ ಹಳಬರಿಗೆಲ್ಲ ಕೇಕ್ ತಿನ್ನಿಸಿ ಮನೆಗೆ ಕಳಿಸಿತು. ಮಾರಿಸ್‌ಟೌನಿನ ನನ್ನ ಆಫೀಸಿಗೆ ನಾನೂ ನಮಸ್ಕಾರ ಹೊಡೆದೆ. ಅಷ್ಟು ವರ್ಷಗಳಲ್ಲಿ ನಾವು ಕಂಡ ರಜೆಯೆಂದರೆ ಒಂದೋ ನೆಂಟರ ಬೇಸ್‌ಮೆಂಟ್, ಇಲ್ಲ ದೇವಸ್ಥಾನದ ಪಾರ್ಕಿಂಗ್ ಲಾಟ್. ಆದ್ದರಿಂದ ಇವರು ಒಂದು ಹಳೆಯ ಟ್ರಾವೆಲ್ ಟ್ರೇಲರ್ ಕೊಂಡು ತಂದಾಗ ನನಗೆ ನಿಜವಾಗಿಯೂ ಆಸೆ ಹುಟ್ಟಿತು. ವ್ಯಾನಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಹಾಸಿಗೆ, ಒಲೆ, ಬಚ್ಚಲು ಎಲ್ಲ ಅದರೊಳಗೇ. ನಾನು ಹಾಕಿದ್ದು ಒಂದೇ ಷರತ್ತು. ಈ ಚಳಿಗಾಲ ಫ್ಲಾರಿಡಾಕ್ಕೆ ಹೋಗಬೇಕು, ಸಮುದ್ರದ ಎದುರು ಎರಡು ಕುರ್ಚಿ ಹಾಕಬೇಕು, ಮೊದಲ ಡಿಕಾಕ್ಷನ್ ನಾವೇ ಕುಡಿಯಬೇಕು. ನನ್ನನ್ನು ಆಂಟಿ ಎನ್ನುವ ಪ್ರಾಣಿ ಹತ್ತಿರ ಸುಳಿಯಬಾರದು.

“ಆಯ್ತು ಮಾರಾಯ್ತಿ,” ಎಂದರು. ಇವರು ಯಾರಿಗೆ ತಾನೇ ಆಯ್ತು ಅಂದಿಲ್ಲ?

ಹೊರಡುವ ಮುಂಚೆ ಕನ್ನಡದವರೆಲ್ಲ ಸೇರಿ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಸಂಕ್ರಾಂತಿ ಮಾಡಿದೆವು. ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಇವರಿಗೆ ಆಗಲಿಲ್ಲ. ಆಗೆಲ್ಲ ಸಾಫ್ಟ್‌ವೇರ್ ಹುಡುಗರನ್ನು ಚೆಂಡಿನಂತೆ ಎಸೆಯುತ್ತಿದ್ದರು: ಇವತ್ತು ಸೀಕಾಕಸ್, ನಾಳೆ ಶಾರ್ಲೆಟ್. ಹುಡುಗರು ಸೂಟ್‌ಕೇಸ್ ಹಿಡಿದು ಹೋಗಿಬಿಡುತ್ತಿದ್ದರು, ಸಾಮಾನೆಲ್ಲ ಇಲ್ಲಿ ಸ್ನೇಹಿತರ ಅಪಾರ್ಟ್‌ಮೆಂಟಿನಲ್ಲಿ. ಆ ಸ್ನೇಹಿತರು ಒಬ್ಬೊಬ್ಬರಾಗಿ ಎಳ್ಳುಬೆಲ್ಲ ಹಿಡಿದು ಬಂದರು.

“ಅಂಕಲ್, ಹೇಗೂ ಟ್ರೇಲರ್ ಖಾಲಿ ಹೋಗ್ತಿದೆಯಲ್ಲ...”

ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ಇವರು ತಿನ್ನುತ್ತ ಹೋದರು, ಹೂಂ ಎನ್ನುತ್ತ ಹೋದರು.

ಹೊರಡುವ ದಿನ ನೋಡಿದರೆ ನಮ್ಮ ಹಾಸಿಗೆಯ ಮೇಲೆ ಇನ್ಯಾರದೋ ಹಾಸಿಗೆ, ಅದರ ಮೇಲೆ ಒಂದು ಟಿವಿ. ಮಾರಿಸ್‌ಟೌನಿನಲ್ಲಿದ್ದ ಬೆಂಗಳೂರು ಕಡೆಯ ಸಾಹೇಬರೊಬ್ಬರ ಮನೆಯಾಕೆ ರಿಚ್ಮಂಡಿನ ತಂಗಿಗೆಂದು ಒಂದು ದೊಡ್ಡ ಬಿರಿಯಾನಿ ದೇಗ್ಚಿ ಕೊಟ್ಟಿದ್ದರು. ಪಾತ್ರೆ ಖಾಲಿ ಕಳಿಸಬಾರದೆಂದು ಅದರ ತುಂಬ ನಮಗೆ ದಾರಿಗೆ ತಿಂಡಿ ತುಂಬಿದ್ದರು; ಅವರ ಹೊಟ್ಟೆ ತಣ್ಣಗಿರಲಿ. ಇನ್ನು ಬೆಂಕಿಪೊಟ್ಟಣದಂಥ ನಮ್ಮ ಬಚ್ಚಲಿನಲ್ಲಿ ರಾಲಿಗೆ ವರ್ಗವಾಗಿದ್ದ ಹುಡುಗನೊಬ್ಬನ ವೆಟ್ ಗ್ರೈಂಡರ್ ದೇವರಂತೆ ಪ್ರತಿಷ್ಠಾಪನೆಯಾಗಿತ್ತು.

“ಇದರ ಪಕ್ಕ ನಿಂತು ಸ್ನಾನ ಮಾಡಲೇನ್ರೀ?”

“ರಾಲಿಯಲ್ಲಿ ಇಳಿಸ್ಬಿಡೋಣ ಕಣೇ.”

ಹೀಗೆ ನಮ್ಮ ವಿಹಾರಯಾತ್ರೆ ಸಾಗಿತು. ಹಿಮ ಬೀಳುತ್ತಿದ್ದ ಹೆದ್ದಾರಿಯಲ್ಲಿ ಅಮೆರಿಕನ್ ಮುದುಕ ಮುದುಕಿಯರ ಟ್ರೇಲರುಗಳು ನಮ್ಮನ್ನು ದಾಟಿ ದಕ್ಷಿಣಕ್ಕೆ ಹಾರುತ್ತಿದ್ದವು; ನಾವು ಬಿಟ್ಟಿ ಲಾರಿ ಸರ್ವಿಸ್‌ನವರು ಊರೂರಿಗೆ ಇಳಿಯುತ್ತಿದ್ದೆವು. ಇಳಿದಲ್ಲೆಲ್ಲ ಉಪಚಾರ. “ಮನೆ ಇರೋವಾಗ ಗಾಡೀಲಿ ಮಲಗ್ತಾರಾ ಆಂಟಿ?” ಎಂದು ನಮ್ಮನ್ನು ಮೂರನೆಯ ಮಹಡಿಯ ಹಾಲಿನಲ್ಲಿ ಗಾಳಿ ಊದಿದ ಹಾಸಿಗೆಯ ಮೇಲೆ ಮಲಗಿಸುತ್ತಿದ್ದರು. ಬೆಳಗಾಗುವುದರೊಳಗೆ ಗಾಳಿ ಇಳಿದು ಸೊಂಟ ನೆಲಕ್ಕೆ ತಾಗುತ್ತಿತ್ತು. ಕಿಟಕಿಯಿಂದ ಬಗ್ಗಿದರೆ ಕೆಳಗೆ ನಮ್ಮ ಟ್ರೇಲರ್, ಅದರೊಳಗೆ ನಮ್ಮ ಹಾಸಿಗೆ.

ರಾಲಿ ಬಂತು. ಗ್ರೈಂಡರಿನ ಒಡೆಯ ಮಾತ್ರ ಇರಲಿಲ್ಲ. ಪ್ರಾಜೆಕ್ಟ್ ಮುಗಿಯಿತೆಂದು ನಾವು ದಾರಿಯಲ್ಲಿರುವಾಗಲೇ ಅವನನ್ನು ಎತ್ತಿ ಎಸೆದಿದ್ದರು. ಎಲ್ಲಿಗೆ? ಪಿಸ್ಕಾಟವೇಗೆ. ಫೋನಿನಲ್ಲಿ ಅವನ ಧ್ವನಿ ಬಹಳ ವಿನಯವಾಗಿತ್ತು: “ಸಾರಿ ಅಂಕಲ್, ವಾಪಸ್ ಬರೋವಾಗ ತಂದ್ಬಿಡಿ. ಅವಸರ ಏನಿಲ್ಲ.”

ಅಲ್ಲಿ ನನ್ನ ತಾಳ್ಮೆ ಕೆಟ್ಟಿತು. “ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಅದು ನಿಮ್ಮನ್ನ ನೋಡೇ ಹೇಳಿದ್ದು! ಊರಿನವರ ಗ್ರೈಂಡರಿಗೆಲ್ಲ ಜಾಗ ಇದೆ, ನನಗಿಲ್ಲ,” ಎಂದೆ. ಕೊನೆಯ ಮಾತು ಬೈಗುಳವಾಗಿ ಹೊರಟು ಅಳುವಾಗಿ ಮುಗಿಯಿತು. ಇವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಜಾರ್ಜಿಯಾ ಮುಗಿಯುವವರೆಗೂ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದರು.

ಅಂತೂ ಫ್ಲಾರಿಡಾ. ಸಮುದ್ರದ ಪಕ್ಕದ ಕ್ಯಾಂಪ್‌ಗ್ರೌಂಡ್, ಎಳೆ ಬಿಸಿಲು, ಎರಡು ಕುರ್ಚಿ. ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿತ್ತು, ಹಾಲು ಉಕ್ಕುತ್ತಿತ್ತು. ಇವರು ಟವೆಲನ್ನು ಮರಳಿನಲ್ಲಿ ಬಿಟ್ಟು ಬಂದಿದ್ದಕ್ಕೆ ನಾನು ನನ್ನ ಎಂದಿನ ಧ್ವನಿಯಲ್ಲಿ ನಾಲ್ಕು ಮಾತು ಹೇಳಿದೆ. ಅದೇ ತಪ್ಪಾಯಿತು.

“ಓ, ಕನ್ನಡದವರಾ!”

ಜ್ಯಾಕ್ಸನ್‌ವಿಲ್‌ನ ಎಳೆಯ ದಂಪತಿ, ಕಂಕುಳಲ್ಲಿ ಮಗು. ನಾನು ಕರೆಯುವ ಮೊದಲೇ ನನ್ನ ಕುರ್ಚಿ ಹುಡುಗಿಯದಾಗಿತ್ತು. ರೂಢಿಯ ಬಲ ನೋಡಿ, ನನ್ನ ಕೈ ತಾನಾಗಿಯೇ ಮೊದಲ ಡಿಕಾಕ್ಷನ್ನನ್ನು ಅತಿಥಿಗಳ ಲೋಟಕ್ಕೆ ಬಗ್ಗಿಸಲು ಹೊರಟಿತು. ಅಷ್ಟರಲ್ಲಿ ಹುಡುಗ ನಮ್ಮ ವ್ಯಾನಿನ ನಂಬರ್ ಪ್ಲೇಟ್ ನೋಡಿ ಹೇಳಿದ:

“ಅಂಕಲ್, ನಾವೂ ನ್ಯೂಜೆರ್ಸಿಗೆ ಮೂವ್ ಆಗ್ತಿದ್ದೀವಿ. ಒಂದು ಡೈನಿಂಗ್ ಟೇಬಲ್ ಇದೆ. ಹೇಗೂ ನಿಮ್ಮ ಟ್ರೇಲರ್ ಖಾಲಿ...”

ನನ್ನ ಕೈ ನಿಂತಿತು. ಇವರು ಟ್ರೇಲರನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು. ಮುಗಿಯಿತು, ಊಟದ ಮೇಜಿನ ಮೇಲೇ ಮಲಗುವ ಯೋಗ ಎಂದುಕೊಂಡೆ.

“ಖಾಲಿ ಎಲ್ಲಪ್ಪಾ? ನಾವಿಬ್ಬರು ಇದ್ದೀವಲ್ಲ,” ಎಂದರು. “ಇಲ್ಲಪ್ಪ, ಆಗಲ್ಲ.”

ನನಗೆ ಕಣ್ಣು ತುಂಬಿ ಬಂತು. ಒಲೆಯ ಕಡೆ ತಿರುಗಿಕೊಂಡೆ. ಫಿಲ್ಟರಿಗೆ ಇನ್ನೊಮ್ಮೆ ನೀರು ಹೊಯ್ದು, ಇಳಿಯುವವರೆಗೆ ಮಗುವನ್ನು ಮಾತಾಡಿಸಿ, ಎರಡನೆಯ ಡಿಕಾಕ್ಷನ್ನಿನಲ್ಲಿ ಅತಿಥಿಗಳಿಗೆ ಕಾಫಿ ಬೆರೆಸಿದೆ. “ಸೂಪರ್ ಕಾಫಿ ಆಂಟಿ,” ಎಂದಳು ಹುಡುಗಿ. ಪಾಪ, ಒಳ್ಳೆಯ ಹುಡುಗಿ.

ಅವರು ಹೋದ ಮೇಲೆ ಇವರು ಸಪ್ಪಗೆ ಕೂತರು. “ಬೇಜಾರು ಮಾಡ್ಕೊಂಡ್ರೋ ಏನೋ.”

“ಮಾಡ್ಕೊಳ್ಳಲಿ,” ಎಂದು ನಮ್ಮ ಲೋಟಗಳನ್ನು ತಂದೆ.

ಇವರು ಒಂದು ಗುಟುಕು ಕುಡಿದು ಹುಬ್ಬೇರಿಸಿದರು. “ಏನೇ ಇದು, ಇಷ್ಟು ಸ್ಟ್ರಾಂಗು? ಯಾವ ಪುಡಿ ಹಾಕಿದೆ?”

ಅದೇ ಪುಡಿ. ನಾನು ಹೇಳಲು ಹೋಗಲಿಲ್ಲ. “ಸುಮ್ಮನೆ ಕುಡೀರಿ,” ಎಂದು ನನ್ನ ಕುರ್ಚಿಯಲ್ಲಿ ಕೂತೆ.