'ದೇ' ಅಂದರೆ ಒಬ್ಬರೇ

ದುಡ್ಡು ಹೋದರೆ ಹೋಗಲಿ, ಕಳ್ಳಿ ಅನ್ನಿಸಿಕೊಂಡು ಬದುಕುವ ಜಾಯಮಾನ ನನ್ನದಲ್ಲ. ಆ ವರ್ಷ ನನಗೂ ನಮ್ಮ ಯಜಮಾನರಿಗೂ ಒಟ್ಟಿಗೇ ಕೆಲಸ ಹೋಗಿತ್ತು. ಈ ಪರದೇಶದ ಪಾಪಕುರಾ ಊರಿನ ಬಾಡಿಗೆ ಮನೆಯ ಒಂದು ಕೋಣೆಯನ್ನು ಇಬ್ಬರು ಫ್ಲಾಟ್‌ಮೇಟ್‌ಗಳಿಗೆ ಕೊಟ್ಟು, ಸರ್ಕಾರದ ನಿರುದ್ಯೋಗ ಭತ್ಯೆಯಲ್ಲಿ ದಿನ ದೂಡುತ್ತಿದ್ದೆವು. ಕೊನೆಗೆ ಇವರಿಗೆ ದೂರದ ಪಾಮರ್ಸ್ಟನ್ ನಾರ್ತ್‌ನಲ್ಲಿ ಕೆಲಸ ಸಿಕ್ಕಿತು. ಇವರು ಮುಂದಾಗಿ ಹೋದರು, ನಾನು ಇಲ್ಲೇ ಉಳಿದೆ. ಕೂಡಲೇ ಭತ್ಯೆಯ ಕಚೇರಿಗೆ ಫೋನ್ ಮಾಡಿ ತಿಳಿಸಿದೆ. ಭತ್ಯೆ ಇಳಿಯಲಿಲ್ಲ, ತುಸು ಹೆಚ್ಚೇ ಬಂತು. ಮತ್ತೆ ಫೋನ್ ಮಾಡಿ ಕೇಳಿದರೆ, ನೀವು ಹೇಳಿದ್ದೆಲ್ಲ ದಾಖಲಾಗಿದೆ ಅಂದರು. ಅವರ ಲೆಕ್ಕ ಅವರಿಗೆ ಗೊತ್ತು ಅಂತ ಸುಮ್ಮನಾದೆ.

ಕೆಲವು ತಿಂಗಳಾದ ಮೇಲೆ ಕಚೇರಿಗೆ ಜ್ಞಾನೋದಯವಾಯಿತು. ಗಂಡನ ಸಂಪಾದನೆ ಮುಚ್ಚಿಟ್ಟಿದ್ದೀರಿ, ಹೆಚ್ಚುವರಿ ಬಂದದ್ದನ್ನೆಲ್ಲ ವಾಪಸು ಕಟ್ಟಿ ಎಂದು ಪತ್ರ ಬಂತು. ಮುಚ್ಚಿಟ್ಟಿದ್ದೇನಂತೆ ನಾನು. ಮೈಯೆಲ್ಲ ಉರಿದುಹೋಯಿತು. ಇವರೋ, ಜಗಳವೆಂದರೆ ಮಾರುದೂರ ಓಡುವವರು.

"ಕಂತಲ್ಲಿ ಕಟ್ಟಿಬಿಡೋಣ ಕಣೇ, ಮಾನ ಉಳಿಯುತ್ತೆ."

"ಕಟ್ಟಿದ್ರೇನೇ ರೀ ಮಾನ ಹೋಗೋದು. ಮುಚ್ಚಿಟ್ಟಿದ್ದು ನಿಜ ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತೆ."

ಮರುಪರಿಶೀಲನೆ ಕೇಳಿದೆ. ನನ್ನ ಫೋನ್ ಕರೆಯ ರೆಕಾರ್ಡಿಂಗ್ ಹಾಕಿಸಿ ಎಂದು ಪಟ್ಟು ಹಿಡಿದೆ. ವಿಚಾರಣೆಯ ದಿನ ರಜೆ ಹಾಕಿ ಬಂದಿದ್ದ ಇವರು ಕಾರು ಬಿಟ್ಟು ಇಳಿಯಲಿಲ್ಲ. ನಾನೊಬ್ಬಳೇ ಒಳಗೆ ಹೋದೆ. ಅಧಿಕಾರಿ ನನ್ನ ಮಗಳ ವಯಸ್ಸಿನ ಹುಡುಗಿ. ರೆಕಾರ್ಡಿಂಗ್ ಹಾಕಿದಳು. ನನ್ನದೇ ದನಿ ಕೇಳಿಬಂತು.

"ದೇ ಗಾಟ್ ಎ ಜಾಬ್. ದೇ ಆರ್ ಶಿಫ್ಟಿಂಗ್ ಟು ಪಾಮರ್ಸ್ಟನ್ ನಾರ್ತ್."

ಕಚೇರಿಯವರು ಅದನ್ನು ಬರೆದುಕೊಂಡದ್ದು ಫ್ಲಾಟ್‌ಮೇಟ್‌ಗಳು ಮನೆ ಬಿಟ್ಟರು ಎಂದು. ಅವರ ಬಾಡಿಗೆ ತಪ್ಪಿತಲ್ಲ ಪಾಪ ಅಂತ ನನ್ನ ಭತ್ಯೆ ಏರಿಸಿದ್ದರು. ಆ ಇಬ್ಬರೋ ಅವತ್ತಿಗೂ ನಮ್ಮ ಅಡುಗೆಮನೆಯಲ್ಲೇ ನೂಡಲ್ಸ್ ಬೇಯಿಸಿಕೊಳ್ಳುತ್ತಿದ್ದರು.

'ದೇ' ಅಂದರೆ ನನ್ನ ಗಂಡ ಎಂದೆ. ಎಷ್ಟು ಜನ ಗಂಡಂದಿರು ಎಂಬಂತೆ ಅವಳು ನನ್ನ ಮುಖ ನೋಡಿದಳು. ಮನೆಯಲ್ಲಿ ಇವರನ್ನು ನಾನು ಬಯ್ಯುವುದು ಬೀದಿಗೆಲ್ಲ ಕೇಳಿಸುತ್ತದೆ, ಆದರೆ ಹೊರಗಿನವರ ಮುಂದೆ ಏಕವಚನದಲ್ಲಿ ಮಾತಾಡಿದವಳಲ್ಲ. ಇಂಗ್ಲಿಷಿನಲ್ಲೂ 'ಹಿ' ಅನ್ನಲು ನಾಲಿಗೆ ಹೊರಳುವುದಿಲ್ಲ. ಅದನ್ನೇ ಬಿಡಿಸಿ ಹೇಳಿದೆ. ಯಾರು ಹೋದರು ಅಂತ ಒಂದು ಮಾತು ಕೇಳಬೇಕಾಗಿದ್ದವರು ನೀವು, ತಿಳಿಸಬೇಕಾದದ್ದನ್ನು ನಾನು ತಿಳಿಸಿದ್ದೇನೆ ಎಂದೆ.

ತಪ್ಪು ಕಚೇರಿಯದು, ನಾನು ನಂಬಿಕೆಯಿಂದ ಪಡೆದ ಹಣ, ಆದ್ದರಿಂದ ವಸೂಲಿ ಇಲ್ಲ ಎಂದು ತೀರ್ಮಾನವಾಯಿತು. ಅಷ್ಟಕ್ಕೇ ನಾನು ಏಳಲಿಲ್ಲ. ಕಡತದಲ್ಲಿದ್ದ ಆ 'ಮುಚ್ಚಿಟ್ಟಿದ್ದಾರೆ' ಅನ್ನುವುದನ್ನು ನನ್ನ ಕಣ್ಣೆದುರೇ ಅಳಿಸಿಹಾಕಿಸಿದೆ.

ಇನ್ನು ಮುಂದೆ ದಯವಿಟ್ಟು 'ಹಿ' ಎನ್ನಿ, ಯಾರಿಗೂ ಗೊಂದಲವಾಗುವುದಿಲ್ಲ ಎಂದಳು ಹುಡುಗಿ. ಮನೆಗೆ ಹೇಗೆ ಹೋಗುತ್ತೀರಿ ಎಂದೂ ವಿಚಾರಿಸಿದಳು.

"ದೇ ಆರ್ ವೇಟಿಂಗ್ ಇನ್ ದ ಕಾರ್," ಎಂದು ಎದ್ದು ಬಂದೆ.